ಮಿಂಚುಹುಳುಗಳಿಗೆ ಸನ್ಮಾನ

ನಾನು ಗುರಿಯಿಟ್ಟು ತೆಗೆದ ಯಾವ ಹುಳುವಿನ ಫೋಟೊವೂ ಇವತ್ತಿನವರೆಗೆ ಸರಿಯಾಗಿ ಬಂದಿಲ್ಲ. ಚಿಟ್ಟೆಗೆಂದು ಫೋನು ಹಿಡಿದರೆ ಚಿಟ್ಟೆ ಹಾರಿಹೋಗಿ ಬರೀ ಎಲೆ ಉಳಿಯುತ್ತದೆ. ಎಲೆಗೆಂದು ಹಿಡಿದರೆ, ಆಮೇಲೆ ಕನ್ನಡಕ ಹಾಕಿಕೊಂಡು ದೊಡ್ಡದು ಮಾಡಿ ನೋಡುವಾಗ, ಅದರ ಅಂಚಿನಲ್ಲಿ ಹೊಳೆಯುವ ಹಸಿರು ತಿಗಣೆಯೊಂದು ಕೂತು ನನ್ನನ್ನೇ ದಿಟ್ಟಿಸುತ್ತಿರುತ್ತದೆ. ಒಮ್ಮೆ ಕರಿಬೇವಿನ ಗಿಡದ ಮೇಲೆ ಹಕ್ಕಿ ಹಿಕ್ಕೆ ಹಾಕಿದೆ, ತೊಳೆಯಿರಿ ಎಂದು ನಮ್ಮ ಮನೆಯವರಿಗೆ ತೋರಿಸಲು ಫೋಟೊ ತೆಗೆದೆ. ಆಮೇಲೆ ನೋಡಿದರೆ ಆ ಹಿಕ್ಕೆಗೆ ಕಾಲುಗಳಿದ್ದವು. ಚಿಟ್ಟೆಯ ಮರಿ ಅದು. ಅಷ್ಟರಲ್ಲಿ ನಮ್ಮ ಮನೆಯವರು ಪೈಪು ಹಿಡಿದು ತೊಳೆದೇಬಿಟ್ಟಿದ್ದರು. ಹೇಳಿದ ಕೆಲಸವನ್ನು ಅವರು ತಕ್ಷಣ ಮಾಡಿದ್ದು ಮದುವೆಯಾದ ಮೇಲೆ ಅದೊಂದೇ ಸಲ.

ನಾನು ದಾವಣಗೆರೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿ ನಿವೃತ್ತಳಾದವಳು. ಪ್ರತಿ ವರ್ಷ ಬೋರ್ಡಿನ ಮೇಲೆ ಮಿಂಚುಹುಳುವಿನ ಚಿತ್ರ ಬರೆದು, ಅದರ ಬೆಳಕಿನಲ್ಲಿ ಶಾಖವಿರುವುದಿಲ್ಲ ಎಂದು ಮಕ್ಕಳಿಗೆ ಉರು ಹೊಡೆಸಿದ್ದೇನೆ. ನನ್ನ ಚಿತ್ರ ನೋಡಿ ಮಕ್ಕಳು ಅದನ್ನು ಜಿರಳೆ ಅಂದುಕೊಂಡಿದ್ದರೆ ತಪ್ಪು ಅವರದಲ್ಲ. ನಾನೇ ಅದನ್ನು ಕಡೆಯ ಸಲ ನೋಡಿದ್ದು ಲಂಗ ತೊಡುವ ವಯಸ್ಸಿನಲ್ಲಿ, ಹರಿಹರದಲ್ಲಿ, ಅಕ್ಕನ ಕೈ ಹಿಡಿದುಕೊಂಡು ಹೊಳೆಯಿಂದ ಮನೆಗೆ ಬರುವಾಗ. ಆಮೇಲೆ ಪಾಠ ಹೇಳುವುದರಲ್ಲೇ ಆಯುಷ್ಯ ಕಳೆಯಿತು, ಹುಳು ನೋಡಲು ಪುರುಸೊತ್ತಾಗಲಿಲ್ಲ.

ನಮ್ಮ ಮನೆ ವಿದ್ಯಾನಗರದಲ್ಲಿದೆ. ಪಕ್ಕದಲ್ಲಿ ಉದ್ಯಾನಕ್ಕೆ ಮೀಸಲು ಎಂದು ಬೋರ್ಡು ನೆಟ್ಟ ಖಾಲಿ ಜಾಗ. ಬೋರ್ಡು ಬಿಟ್ಟರೆ ಉದ್ಯಾನದ ಬೇರೆ ಯಾವ ಲಕ್ಷಣವೂ ಅಲ್ಲಿರಲಿಲ್ಲ. ಆಳೆತ್ತರ ಕಳೆ, ತಾನಾಗಿ ಹುಟ್ಟಿದ ಹೊಂಗೆ, ಯಾರೋ ಎಸೆದ ಬೀಜದಿಂದ ಎದ್ದ ಪಪ್ಪಾಯಿ. ಎಲ್ಲೋ ಒಡೆದ ನೀರಿನ ಪೈಪಿನಿಂದಾಗಿ ನೆಲ ಬೇಸಿಗೆಯಲ್ಲೂ ಒದ್ದೆ. ಹಾಸ್ಟೆಲಿನ ಹುಡುಗರು ಕ್ರಿಕೆಟ್ ಚೆಂಡಿನಿಂದ ಬೀದಿದೀಪ ಒಡೆದ ಮೇಲೆ ಕತ್ತಲೂ ಆಗಿತ್ತು. ಬೀದಿಯವರೆಲ್ಲ ದಿನಕ್ಕೊಮ್ಮೆ ಆ ಜಾಗವನ್ನು ಬೈಯುತ್ತಿದ್ದರು. ನಾನೂ ಬೈಯುತ್ತಿದ್ದೆ, ಸ್ವಲ್ಪ ಜೋರಾಗಿಯೇ.

ನಮ್ಮ ಬೀದಿಗೊಂದು ಹಿತರಕ್ಷಣಾ ಸಂಘವಿದೆ. ಅದರ ಅಧ್ಯಕ್ಷರು ಬಟ್ಟೆ ಅಂಗಡಿಯನ್ನು ಮಕ್ಕಳಿಗೆ ವಹಿಸಿ ಬಿಡುವಾಗಿರುವ ಹಿರಿಯರು. ಮನುಷ್ಯ ಕೆಟ್ಟವರಲ್ಲ. ಯಾರ ಮನೆಯಲ್ಲಿ ಜ್ವರ ಬಂದರೂ ಎಳನೀರು ಹಿಡಿದು ಬರುತ್ತಾರೆ. ಅವರಿಗಿರುವುದು ಒಂದೇ ರೋಗ, ಕಾರ್ಯಕ್ರಮ. ಬೀದಿಗೆ ಉಬ್ಬು ಹಾಕಿಸಿದಾಗ ಅದಕ್ಕೆ ರಿಬ್ಬನ್ ಕಟ್ಟಿ ಉದ್ಘಾಟನೆ ಮಾಡಿಸಿದರು. ಕತ್ತರಿಸಲು ಬಂದ ಗಣ್ಯರ ಕಾರಿನ ಹೊಟ್ಟೆ ಅದೇ ಉಬ್ಬಿಗೆ ತಗುಲಿ, ನಾವೆಲ್ಲ ಸೇರಿ ತಳ್ಳಬೇಕಾಯಿತು. ತಳ್ಳುವಾಗಲೂ ಅಧ್ಯಕ್ಷರು ಫೋಟೊಗೆ ಮುಖ ಕೊಟ್ಟರು.

ಈ ಸಲ ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಅವರಿಗೆ ಖಾಲಿ ಜಾಗದ ನೆನಪಾಯಿತು. ಸ್ವಚ್ಛತಾ ಕಾರ್ಯಕ್ರಮ ಮಾಡಬೇಕು, ಅದಕ್ಕೆ 'ಮೊದಲು' ಒಂದು, 'ನಂತರ' ಒಂದು ಫೋಟೊ ಬೇಕು. ನನ್ನ ಫೋನಿನ ಕ್ಯಾಮೆರಾ ಚೆನ್ನಾಗಿದೆ ಎಂಬ ಸುದ್ದಿ ಬೀದಿಯಲ್ಲಿ ಹಬ್ಬಿದ್ದರಿಂದ ಆ ಕೆಲಸ ನನ್ನ ಕೊರಳಿಗೆ ಬಿತ್ತು. ಬೆಳಿಗ್ಗೆ ಬರುತ್ತೇನೆ ಎಂದವರು ಸಂಜೆ ದೀಪ ಹಚ್ಚುವ ಹೊತ್ತಿಗೆ ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟು ಬಂದರು. ಬೆಳಕು ಸಾಲದು ಅಂದೆ. ಕ್ಯಾಮೆರಾ ಚಲೋ ಐತಲ್ಲ ಅಂದರು. ಕಳೆಯ ಮುಂದೆ ನಿಂತು, ಅದೇ ಕಳ್ಳ ಎಂದು ಪೊಲೀಸರಿಗೆ ತೋರಿಸುವವರ ಹಾಗೆ ಬೆರಳು ಚಾಚಿದರು. ಒಲೆಯ ಮೇಲೆ ಹಾಲಿಟ್ಟು ಬಂದಿದ್ದೆ, ಬಡಬಡ ಒಂದಷ್ಟು ತೆಗೆದು ಅವರ ಕೈಗೆ ಫೋನು ಕೊಟ್ಟೆ.

ಅಧ್ಯಕ್ಷರಿಗೆ ಒಂದೂ ಒಪ್ಪಿಗೆಯಾಗಲಿಲ್ಲ. ಅವರ ತಲೆಯ ಸುತ್ತ ಹಳದಿ ಹಸಿರಿನ ಚುಕ್ಕೆಗಳು ಬಂದಿದ್ದವು. ಒಂದರಲ್ಲಂತೂ ಭುಜದ ಮೇಲೆ ಸೂರ್ಯನ ಕುದುರೆ ಎನ್ನುವ ಹುಳು ಕೂತು, ಮುಂಗಾಲು ಜೋಡಿಸಿ, ಅಧ್ಯಕ್ಷರ ಪರವಾಗಿ ಮತ ಕೇಳುತ್ತಿತ್ತು. ಆ ಚುಕ್ಕಿ ತೆಗಿಸಿ ಕಳಿಸ್ರಿ ಎಂದು ಹೇಳಿ ಅವರು ಹೋದರು. ನಾನು ಲೆನ್ಸನ್ನು ಸೆರಗಿನಿಂದ ಒರೆಸಿ ಇನ್ನೊಂದು ತೆಗೆದೆ. ಚುಕ್ಕೆಗಳು ಜಾಗ ಬದಲಿಸಿದ್ದವು. ಆಗ ಫೋನು ಕೆಳಗಿಳಿಸಿ ಕಣ್ಣಿನಿಂದ ನೋಡಿದೆ.

ಹೊಂಗೆಯ ಬುಡದಿಂದ ಪಪ್ಪಾಯಿಯವರೆಗೂ ಮಿಂಚುಹುಳುಗಳು. ಒಂದು ಹೊತ್ತಿದರೆ ಇನ್ನೊಂದು ಆರುತ್ತಿತ್ತು, ಆರಿದ್ದು ಮತ್ತೆಲ್ಲೋ ಹೊತ್ತುತ್ತಿತ್ತು. ನಾನು ಬೋರ್ಡಿನ ಮೇಲೆ ಬರೆದ ಯಾವ ಚಿತ್ರದಲ್ಲೂ ಇದು ಇರಲಿಲ್ಲ. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಹಾಲು ಉಕ್ಕಿ, ಒಲೆ ಆರಿ, ನಮ್ಮ ಮನೆಯವರು ಬಾಗಿಲಿಗೆ ಬಂದು ಕೂಗುವವರೆಗೂ ನಿಂತಿದ್ದೆ. ಬಂದವರು ತಾವೂ ನಿಂತುಬಿಟ್ಟರು. ಆ ರಾತ್ರಿ ಇಬ್ಬರೂ ಚಹಾ ಇಲ್ಲದೆ ಇದ್ದೆವು, ಜಗಳವಾಗಲಿಲ್ಲ.

ಆ ಫೋಟೊವನ್ನು ಮೊದಲು ಕಳಿಸಿದ್ದು ಅಕ್ಕನಿಗೆ. ಅಕ್ಕನ ವಿಷಯ ಇಲ್ಲಿ ಹೇಳಬೇಕು. ಅವಳಿರುವುದು ಹರಿಹರದಲ್ಲಿ, ದಾವಣಗೆರೆಯಿಂದ ಬಸ್ಸು ಹತ್ತಿ ಒಂದು ನಿದ್ದೆ ತೆಗೆಯುವುದರೊಳಗೆ ಬರುವ ಊರು. ಮಕ್ಕಳಿಲ್ಲ. ಮುಂದಿನ ಕೋಣೆಯಲ್ಲಿ ಬಾಡಿಗೆಗಿರುವ ದರ್ಜಿ ಹಗಲೆಲ್ಲ ಮಷಿನ್ನು ತುಳಿಯುತ್ತಾನೆ, ಅದೇ ಮನೆಯ ಸದ್ದು. ಭಾವ ಕಾರ್ಖಾನೆಯ ಕೆಲಸದಿಂದ ಬಿಡುಗಡೆಯಾದ ಮೇಲೆ ಹಿತ್ತಲಿಗೆ ಬಿದ್ದವರು. ಬದನೆ, ಮೆಂತ್ಯ, ದಾಸವಾಳ ಎಂದು ಬೆಳಗಿನಿಂದ ಸಂಜೆವರೆಗೆ ಅಲ್ಲೇ. ಕಳೆ ಕಂಡರೆ ಅವರಿಗೆ ಎಲ್ಲಿಲ್ಲದ ಸಿಟ್ಟು. ಊಟದ ನಡುವೆ ಕಿಟಕಿಯಿಂದ ಒಂದು ಗರಿಕೆ ಕಂಡರೂ ಎಂಜಲು ಕೈಯಲ್ಲೇ ಎದ್ದು ಹೋಗಿ ಕಿತ್ತು ಬರುತ್ತಿದ್ದರು. ನೀವು ಮದುವೆಯಾಗಿದ್ದು ನನ್ನನ್ನೋ ಕಳೆ ಕೀಳುವ ಕುರ್ಚಿಗೆಯನ್ನೋ ಎಂದು ಅಕ್ಕ ಛೇಡಿಸುತ್ತಿದ್ದಳು.

ಹೋದ ವರ್ಷ ಒಂದು ಬೆಳಿಗ್ಗೆ ಭಾವ ಆ ಬದನೆ ಗಿಡಗಳ ನಡುವೆಯೇ ಕುಸಿದುಬಿದ್ದು ತೀರಿಕೊಂಡರು. ಅವತ್ತೇ ಅಕ್ಕ ಹಿತ್ತಲ ಬಾಗಿಲಿಗೆ ಅಗಳಿ ಹಾಕಿದಳು, ಅತ್ತ ಕಡೆಯ ಕಿಟಕಿ ಮುಚ್ಚಿದಳು. ಆಮೇಲೆ ಅದನ್ನು ತೆರೆಯಲಿಲ್ಲ. ತಾನೂ ಹೊರಗೆ ಬರಲಿಲ್ಲ. ವರ್ಷದ ಕಾರ್ಯ ಮುಗಿದ ಮೇಲಾದರೂ ನಮ್ಮನೆಗೆ ಬಾ ಎಂದು ಕೈ ತೊಳೆದುಕೊಂಡು ಬೆನ್ನು ಹತ್ತಿದ್ದೆ. ಯಾಕ ಬರಬೇಕು ಹೇಳು, ನೋಡೋದೇನೈತೆ ಎನ್ನುತ್ತಿದ್ದಳು. ದಿನಾ ಬೆಳಿಗ್ಗೆ ಹೂವಿನ ಫೋಟೊ ಹಾಕಿ ಶುಭೋದಯ ಕಳಿಸುತ್ತಿದ್ದೆ. ನೋಡಿದ ಗುರುತು ಬೀಳುತ್ತಿತ್ತು, ಉತ್ತರ ಬರುತ್ತಿರಲಿಲ್ಲ. ಅವಳು ಹೀಗೇ ಒಳಗೊಳಗೇ ಬತ್ತಿಹೋಗುತ್ತಾಳೆ ಎಂಬ ಭಯ ನನಗೆ ಹತ್ತಿತ್ತು.

ಮಿಂಚುಹುಳುವಿನ ಫೋಟೊಗೆ ಉತ್ತರ ಬಂತು. ಅದೂ ಬಾಯಿಮಾತಿನಲ್ಲಿ, ಅವಳ ದನಿಯಲ್ಲಿ.

"ಇವು ಇನ್ನೂ ಅದಾವೇನೇ? ನಾನು ನೋಡಬೇಕು. ಬರೋ ಭಾನುವಾರ ಬರ್ತೀನಿ."

ಅದನ್ನು ಮತ್ತೆ ಮತ್ತೆ ಕೇಳಿಸಿಕೊಂಡೆ. ಒಂದು ವರ್ಷದಲ್ಲಿ ಅಕ್ಕ ಬೇಕು ಎಂದ ಮೊದಲ ವಸ್ತು ಅದು. ಅಳು ಬಂತು, ಅದನ್ನು ಮನೆಯವರು ನೋಡಬಾರದೆಂದು ಈರುಳ್ಳಿ ಹೆಚ್ಚಲು ಕೂತೆ. ಭಾನುವಾರದವರೆಗೆ ಆ ಹುಳುಗಳು ಅಲ್ಲೇ ಇರಬೇಕು, ಅಷ್ಟೇ. ದೇವರಿಗೆ ನಾನು ಹೆಚ್ಚು ತೊಂದರೆ ಕೊಡುವವಳಲ್ಲ, ಅವತ್ತು ಕೊಟ್ಟೆ.

ಅಧ್ಯಕ್ಷರು ಕಳೆ ಕೀಳಿಸಿಬಿಟ್ಟರೆ ಎಲ್ಲ ಮುಗಿಯಿತಲ್ಲ ಎಂಬ ಆತಂಕದಲ್ಲಿ ಅದೇ ಫೋಟೊವನ್ನು ಬೀದಿಯ ವಾಟ್ಸಾಪ್ ಗುಂಪಿಗೂ ಹಾಕಿದೆ. ಇವು ಮಿಂಚುಹುಳುಗಳು, ಇವುಗಳ ಸಲುವಾಗಿಯಾದರೂ ಜಾಗವನ್ನು ಹಾಗೇ ಬಿಡೋಣ ಎಂದು ಬರೆದೆ. ಗುಂಪಿಗೆ ಹುಚ್ಚೇ ಹಿಡಿಯಿತು. ಒಬ್ಬರು ಇದು ಲಕ್ಷ್ಮಿಯ ಸೂಚನೆ ಎಂದರು. ಇನ್ನೊಬ್ಬರು ಈ ಬೆಳಕು ದಿನಾ ನೋಡಿದರೆ ಸಕ್ಕರೆ ಕಾಯಿಲೆ ಇಳಿಯುತ್ತದೆ ಎಂದು ಎಲ್ಲಿಂದಲೋ ಬಂದದ್ದನ್ನು ಹಾಕಿದರು. ಸೈಟು ಮಾರಿಸುವವರೊಬ್ಬರು ಮಿಂಚುಹುಳುವಿನ ನೋಟವಿರುವ ಮನೆಗಳಿಗೆ ಈಗ ಬೆಲೆ ಬರುತ್ತದೆ, ಅವಸರಪಟ್ಟು ಯಾರೂ ಮಾರಬೇಡಿ ಎಂದು ಸಲಹೆ ಕೊಟ್ಟರು. ಇವೇನು ಮಹಾ, ಆನಗೋಡಿನ ನಮ್ಮ ಹೊಲದಲ್ಲಿ ಚೀಲಗಟ್ಟಲೆ ಇವೆ, ಸಾಲದೆ ಬಂದರೆ ತರಿಸುತ್ತೇನೆ ಎಂದವರೂ ಇದ್ದರು. ಮುಖ್ಯವಾಗಿ ಅಧ್ಯಕ್ಷರು ಕಳೆಗೆ ಕ್ಷಮಾದಾನ ಕೊಟ್ಟರು. ನಾನು ಗೆದ್ದೆ ಎಂದು ಎರಡು ದಿನ ಬೀಗಿದೆ.

ಮೂರನೆಯ ದಿನ ಅವರು ನಮ್ಮ ಮನೆಗೆ ಬಂದು ಕೂತರು. ಮುಖ ನೋಡಿದ ಕೂಡಲೇ ನನಗೆ ಗೊತ್ತಾಯಿತು, ರೋಗ ಕೆರಳಿದೆ. ಭಾನುವಾರ ಸಂಜೆ ಮಿಂಚುಹುಳು ವೀಕ್ಷಣೆ ಮತ್ತು ಸನ್ಮಾನ ಸಮಾರಂಭ. ಮುಖ್ಯ ಅತಿಥಿಗಳು ಒಪ್ಪಿದ್ದಾರೆ. ಸನ್ಮಾನ ಹುಳುಗಳಿಗೆ ಮಾಡಲು ಬಾರದು, ಹಾಗಾಗಿ ಅವುಗಳ ಪರವಾಗಿ ನನಗೆ. ನಾನು ಬೇಡವೇ ಬೇಡ ಎಂದೆ. ಅವಕ್ಕೆ ಕತ್ತಲು ಬೇಕು, ಒದ್ದೆ ಬೇಕು, ಜನ ಕಾಲಿಡಬಾರದು ಎಂದು ತರಗತಿಯಲ್ಲಿ ಹೇಳುವ ಹಾಗೆ ಬಿಡಿಸಿ ಬಿಡಿಸಿ ಹೇಳಿದೆ. ಅವರು ಎಲ್ಲದಕ್ಕೂ ಹೌದ್ರಿ ಹೌದ್ರಿ ಎಂದು ತಲೆಯಾಡಿಸಿದರು. ಹೋಗುವಾಗ ಶಾಮಿಯಾನ ಬಿಳಿಯದಿರಲೋ ಹಳದಿಯದೋ ಎಂದು ಕೇಳಿದರು.

ಶುಕ್ರವಾರ ಕುರ್ಚಿ ಹಾಕಲು ಮುಂದಿನ ಅರ್ಧ ಜಾಗದ ಕಳೆ ಹೋಯಿತು. ನಾನು ಕೂಗಾಡಿದೆ. ಹಿಂದಿನ ಅರ್ಧ ಅವಕ್ಕೇ ಬಿಟ್ಟೀವಲ್ರಿ ಎಂದರು. ಶನಿವಾರ ವೇದಿಕೆಯ ಎರಡೂ ಕಡೆ ಕಂಬ ನೆಟ್ಟು ಹ್ಯಾಲೊಜನ್ ದೀಪ ಕಟ್ಟಿದರು, ಹೊಂಗೆ ಮರಕ್ಕೆ ಸೀರಿಯಲ್ ಸೆಟ್ಟು ಸುತ್ತಿದರು. ಕತ್ತಲಲ್ಲಿ ಹೊಳೆಯುವುದನ್ನು ನೋಡಲು ಬೆಳಕು ಯಾಕೆ ಎಂದು ಕೇಳಿದೆ. ದೀಪ ಇಲ್ಲದೆ ಮಂದಿಗೆ ಹುಳ ಹೆಂಗೆ ಕಾಣಬೇಕು ಎಂದು ವಿಜ್ಞಾನದ ಮೇಡಂಗೇ ತಿರುಗಿ ಕೇಳಿದರು. ಗೋಡೆಗೆ ಹೇಳಿದ್ದರೆ ಅದಾದರೂ ಸುಮ್ಮನಿರುತ್ತಿತ್ತು. ಆ ಸಂಜೆ ಹಿಂದಿನ ಮೂಲೆಯಲ್ಲಿ ಬೆರಳೆಣಿಕೆಯಷ್ಟು ಹುಳುಗಳು ಮಾತ್ರ ಕಂಡವು. ಅಕ್ಕನಿಗೆ ಫೋನು ಮಾಡಿ ಇವತ್ತೇ ಬಂದುಬಿಡೇ ಎಂದು ಗೋಗರೆದೆ. ನಾಳೆ ಅಂತ ಮನಸ್ಸು ಗಟ್ಟಿ ಮಾಡೀನಿ, ಸೀರೆ ಇಸ್ತ್ರಿ ಮಾಡಿಟ್ಟೀನಿ, ಅವಸರ ಮಾಡಬ್ಯಾಡ ಎಂದಳು. ಅಷ್ಟು ಕಷ್ಟಪಟ್ಟು ಗಟ್ಟಿ ಮಾಡಿಕೊಂಡ ಮನಸ್ಸನ್ನು ಅಲುಗಾಡಿಸಲು ನನಗೆ ಧೈರ್ಯ ಬರಲಿಲ್ಲ.

ಭಾನುವಾರ ಮಧ್ಯಾಹ್ನ ಹೋಳಿಗೆ ತಟ್ಟುತ್ತಿದ್ದೆ. ಹೊರಗೆ ಮೋಟಾರು ಸೈಕಲ್ಲಿನ ಹೊಟ್ಟೆ ಕೆಟ್ಟಂಥ ಸದ್ದು. ಕೈಯಲ್ಲಿ ಹೂರಣ ಹಿಡಿದುಕೊಂಡೇ ಓಡಿದೆ. ಬಾಡಿಗೆಗೆ ಕರೆಸಿದ ಆಳೊಬ್ಬ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಯಂತ್ರ ಹೆಗಲಿಗೇರಿಸಿ, ಹಿಂದಿನ ಮೂಲೆಗೆ ಬಿಳಿ ಹೊಗೆ ಬಿಡುತ್ತಿದ್ದ. ಸೊಳ್ಳೆಯ ಔಷಧ. ಹೊಂಗೆ ಕಾಣುತ್ತಿರಲಿಲ್ಲ, ಪಪ್ಪಾಯಿ ಕಾಣುತ್ತಿರಲಿಲ್ಲ. ಹೊಗೆಯ ಈಚೆ ಅಧ್ಯಕ್ಷರು ಕರವಸ್ತ್ರ ಹಿಡಿದು ಉಸ್ತುವಾರಿ ನಡೆಸಿದ್ದರು. ನಿಮ್ಮ ತಲೆಯಲ್ಲಿ ಏನು ತುಂಬಿದೆ ಎಂದು ಕೇಳಿಯೇಬಿಟ್ಟೆ. ಹಿರಿಯರಿಗೆ ಹಾಗೆ ಮಾತಾಡಿದವಳಲ್ಲ ನಾನು, ಅವತ್ತು ಮೈಯೆಲ್ಲ ಉರಿದುಹೋಗಿತ್ತು. ಅವರು ನೊಂದುಕೊಂಡರೇ ಹೊರತು ಸಿಟ್ಟಾಗಲಿಲ್ಲ.

"ಬಂದ ಅತಿಥಿಗೆ ಸೊಳ್ಳೆ ಕಚ್ಚಿಸೋದು ದಾವಣಗೆರೆ ಮರ್ಯಾದೆ ಅಲ್ರಿ ಮೇಡಂ."

ಅವರು ಮನಸಾರೆ ಹೇಳಿದ್ದರು. ನಮ್ಮೂರಿನವರು ಮರ್ಯಾದೆ ಮಾಡಲು ನಿಂತರೆ ಬದುಕಿ ಉಳಿಯುವುದು ಕಷ್ಟ. ಊಟಕ್ಕೆ ಕೂತವನ ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಕೈಯ ಮೇಲೇ ಬಡಿಸುತ್ತೇವೆ.

ನಾಲ್ಕರ ಸುಮಾರಿಗೆ ಅಕ್ಕ ಆಟೋದಿಂದ ಇಳಿದಳು. ತಿಳಿ ನೀಲಿ ಸೀರೆ. ಅರ್ಧಕ್ಕರ್ಧ ಇಳಿದುಹೋಗಿದ್ದಳು. ಬಂದವಳೇ ಎಲ್ಲಿ ತೋರಿಸು ಎಂದಳು. ಕತ್ತಲಾಗಬೇಕು ಎಂದೆ. ಹೊಗೆಯ ವಿಷಯ ಹೇಳಲು ಬಾಯಿ ಬರಲಿಲ್ಲ. ಒಂದೆರಡಾದರೂ ಉಳಿದಿರುತ್ತವೆ, ಒಂದೇ ಒಂದು ಸಾಕು ಎಂದು ಒಳಗೇ ಹೇಳಿಕೊಂಡು ಅವಳಿಗೆ ಹೋಳಿಗೆ ಬಡಿಸಿದೆ. ತುಪ್ಪ ಹಾಕಿಸಿಕೊಂಡು ತಿಂದಳು.

ಆರಕ್ಕೆ ಶುರುವಾಗಬೇಕಾದ ಕಾರ್ಯಕ್ರಮಕ್ಕೆ ಮುಖ್ಯ ಅತಿಥಿಗಳು ಏಳು ಗಂಟೆಗೆ ಬಂದರು. ಅದನ್ನು ನಮ್ಮಲ್ಲಿ ತಡ ಎನ್ನುವುದಿಲ್ಲ. ವೇದಿಕೆಯ ಹಿಂದೆ ದೊಡ್ಡ ಫ್ಲೆಕ್ಸು. ಅದರಲ್ಲಿ ಅತಿಥಿಗಳು ಎಲ್ಲರಿಗಿಂತ ದೊಡ್ಡವರು, ಅಧ್ಯಕ್ಷರು ಅವರಿಗಿಂತ ಕೂದಲೆಳೆಯಷ್ಟು ಚಿಕ್ಕವರು, ಮೂಲೆಯಲ್ಲಿ ನಾನು. ಮಿಂಚುಹುಳುವಿನ ಜಾಗದಲ್ಲಿ ಒಂದು ಜೇನುನೊಣವಿತ್ತು. ನನ್ನ ಫೋಟೊದ ಚುಕ್ಕೆಗಳು ಮುದ್ರಣದ ದೋಷದಂತೆ ಕಾಣುತ್ತವೆ ಎಂದು ಫ್ಲೆಕ್ಸಿನವನು ತಾನೇ ಹುಡುಕಿ ಹಾಕಿದ್ದನಂತೆ.

ದೀಪ ಬೆಳಗಿಸಲು ಐದು ಜನ ಮುತ್ತೈದೆಯರು ಬರಬೇಕೆಂದು ಮೈಕಿನಲ್ಲಿ ಕರೆದರು. ಮುಂದಿನ ಸಾಲಿನಲ್ಲಿ ನಮ್ಮ ಮನೆಯವರ ಪಕ್ಕ ಕೂತಿದ್ದ ಅಕ್ಕ ಸೆರಗನ್ನು ಎಳೆದುಕೊಂಡು ಕುರ್ಚಿಯಲ್ಲಿ ಇಷ್ಟೇ ಆದಳು. ವರ್ಷವಾದ ಮೇಲೆ ಹೊರಗೆ ಬಂದವಳಿಗೆ ನಮ್ಮ ಬೀದಿ ಕೊಟ್ಟ ಮೊದಲ ಮರ್ಯಾದೆ ಇದು. ನನ್ನ ಹೆಸರನ್ನೂ ಕೂಗಿದರು. ಕಾಲು ನೋವು ಎಂದು ಹೇಳಿ ಏಳಲಿಲ್ಲ. ಕಾಲಿಗೆ ಏನೂ ಆಗಿರಲಿಲ್ಲ.

ಸನ್ಮಾನದಿಂದ ಮಾತ್ರ ತಪ್ಪಿಸಿಕೊಳ್ಳಲಾಗಲಿಲ್ಲ. ಶಾಲು, ಹಾರ, ಹಣ್ಣಿನ ಬುಟ್ಟಿ, ತಲೆಗೆ ಪೇಟ. ಪೇಟ ಕಣ್ಣಿನವರೆಗೂ ಇಳಿದಿದ್ದು ಒಳ್ಳೆಯದಾಯಿತು, ನನ್ನ ಮುಖ ಯಾರಿಗೂ ಕಾಣಲಿಲ್ಲ. ಅತಿಥಿಗಳು ಮಾತಾಡಿದರು. ಇಂಥ ಹುಳುಗಳು ಪ್ರತಿ ಬೀದಿಯಲ್ಲೂ ಇರಬೇಕು, ಇಲ್ಲದ ಕಡೆ ಎಲ್‌ಇಡಿಯವನ್ನು ಹಾಕಿಸುವ ಯೋಜನೆ ರೂಪಿಸಬಹುದು ಎಂದರು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆನೇನೋ, ಅಭ್ಯಾಸಬಲ.

ಕಡೆಗೂ ವೀಕ್ಷಣೆ ಎಂದು ಘೋಷಿಸಿದರು. ಎಲ್ಲರೂ ಕುರ್ಚಿ ತಿರುಗಿಸಿಕೊಂಡು ಹಿಂದಿನ ಮೂಲೆಯತ್ತ ನೋಡಿದರು. ಹ್ಯಾಲೊಜನ್ ಬೆಳಕಿನಲ್ಲಿ ಹೊಂಗೆ ಮರ ಸುಣ್ಣ ಬಳಿದಂತೆ ನಿಂತಿತ್ತು. ದೀಪ ಆರಿಸಿ ಎಂದು ನಾನು ಕೂಗಿದೆ. ಮೈಕು ದೀಪ ಎಲ್ಲ ಒಂದೇ ಲೈನಿನಲ್ಲಿದೆ ಎಂದು ಮೈಕಿನ ಹುಡುಗ ಎಲ್ಲವನ್ನೂ ಆರಿಸಿದ. ಗಾಢ ಕತ್ತಲಾಯಿತು. ಒಂದು ಕ್ಷಣ, ನಿಜವಾಗಿ ಒಂದೇ ಕ್ಷಣ, ಇಡೀ ಬೀದಿ ಸುಮ್ಮನಿತ್ತು. ಅಕ್ಕ ಕುರ್ಚಿಯ ತುದಿಗೆ ಬಂದು ಕೂತಿದ್ದಳು. ಅಷ್ಟರಲ್ಲಿ ಹುಳ ಎಲ್ಲಿ, ಎಲ್ಲಿ ಎನ್ನುತ್ತ ಎಲ್ಲರೂ ಫೋನಿನ ಟಾರ್ಚು ಹಾಕಿ ಪೊದೆಯೊಳಗೆ ಹುಡುಕಲು ಶುರು ಮಾಡಿದರು. ಮೈಕಿಲ್ಲದ ಅಧ್ಯಕ್ಷರು ವೇದಿಕೆಯ ಮೇಲಿಂದ ಕೈಬಾಯಿ ಆಡಿಸಿದರು. ದೀಪ ಮತ್ತೆ ಬಂದ ಮೇಲೆ ಗೊತ್ತಾಯಿತು ಅವರು ಹೇಳುತ್ತಿದ್ದದ್ದು ಏನೆಂದು.

"ಹುಳಗಳು ಬರೋದು ಸ್ವಲ್ಪ ತಡ ಆಗಬಹುದ್ರಿ. ಅಲ್ಲಿತನಕ ಉಪ್ಪಿಟ್ಟು ಮಿರ್ಚಿ ತಗೋಬೇಕು."

ತಗೊಂಡರು. ಮಿರ್ಚಿ ಚೆನ್ನಾಗಿತ್ತು ಎಂದು ಆ ಕಾರ್ಯಕ್ರಮವನ್ನು ಇವತ್ತಿಗೂ ನಮ್ಮ ಬೀದಿ ಹೊಗಳುತ್ತದೆ.

ಅಕ್ಕ ಎದ್ದಿರಲಿಲ್ಲ. ಅವಳ ಕುರ್ಚಿಯ ಕೈಯ ಮೇಲೆ ಕಂದು ಬಣ್ಣದ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಹುಳುವೊಂದು ಬೆನ್ನು ಕೆಳಗೆ ಮಾಡಿ ಬಿದ್ದಿತ್ತು. ಅದನ್ನು ಅಂಗೈಗೆ ತೆಗೆದುಕೊಂಡು ಇದೇನು ಎಂದು ಕೇಳಿದಳು. ಅದೇ ಎಂದೆ. ಸುತ್ತಲೂ ಕೈ ಮುಚ್ಚಿ, ಕತ್ತಲು ಮಾಡಿ, ಒಳಗೆ ಇಣುಕಿದಳು. ಬೆಳಕಿರಲಿಲ್ಲ. ಮಧ್ಯಾಹ್ನದ ಹೊಗೆಯ ವಿಷಯವನ್ನು ಆಗ ಹೇಳಿದೆ, ಅಳುತ್ತಲೇ ಹೇಳಿದೆ. ಪೇಟ ಕಟ್ಟಿಕೊಂಡು ಅಳುವ ಹೆಂಗಸನ್ನು ನೋಡಿ ಒಬ್ಬರು ಸನ್ಮಾನ ಆದಾಗ ಹಾಗೆ ಆಗುತ್ತದೆ ಎಂದು ಸಮಾಧಾನ ಮಾಡಿದರು. ಅಕ್ಕ ಎದ್ದಳು. ಆ ಹುಳುವನ್ನು ಹೊಂಗೆಯ ಬುಡದಲ್ಲಿಟ್ಟು ಬಂದು, ನಾನು ಊರಿಗೆ ಹೋಗ್ತೀನಿ ಎಂದಳು.

ಇವತ್ತೊಂದು ದಿನ ಇರು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಇನ್ನು ಇವಳು ಹೊರಗೆ ಬರುವುದಿಲ್ಲ, ಬಾ ಎಂದು ಕರೆಯುವ ಮುಖವೂ ನನಗೆ ಉಳಿದಿಲ್ಲ ಎಂದುಕೊಂಡು ನಾನೂ ಅವಳ ಜೊತೆ ಹೊರಟೆ. ಪೇಟವನ್ನು ನಮ್ಮ ಮನೆಯವರ ತಲೆಗೆ ಹಾಕಿ, ಶಾಲನ್ನೂ ಹಣ್ಣಿನ ಬುಟ್ಟಿಯನ್ನೂ ಹಿಡಿದು ಬಸ್ಸು ಹತ್ತಿದೆ. ಕಂಡಕ್ಟರು ಬುಟ್ಟಿ ನೋಡಿ ಹೆಣ್ಣು ನೋಡಲು ಹೊರಟಿರೇನ್ರಿ ಎಂದು ಕೇಳಿದ. ಹರಿಹರಕ್ಕೆ ಎರಡು ಟಿಕೆಟ್ಟು ಎಂದೆ.

ಅರ್ಧ ದಾರಿಯಲ್ಲಿ ಅಕ್ಕ ಬಾಯಿ ಬಿಟ್ಟಳು. ಆ ಹುಳ ಎಂಥ ಜಾಗದಾಗ ಇರ್ತಾವೆ ಎಂದು ಕೇಳಿದಳು. ನನಗೆ ಪಾಠ ಹೇಳುವ ಮನಸ್ಸಿರಲಿಲ್ಲ, ಆದರೂ ಹೇಳಿದೆ. ನೆಲ ಒದ್ದೆ ಇರಬೇಕು. ಅವುಗಳ ಮರಿಗಳು ತಿನ್ನುವುದು ಬಸವನಹುಳುವನ್ನು, ಅದು ಇರಬೇಕು. ಹುಲ್ಲು ಕಳೆ ಕೀಳಬಾರದು. ದೀಪ ಇರಬಾರದು. ಔಷಧ ಹೊಡೆಯಬಾರದು. ಮನುಷ್ಯರು ಆ ಕಡೆ ಸುಳಿಯಲೇಬಾರದು. ಅಕ್ಕ ಒಂದೊಂದಕ್ಕೂ ಹೂಂ ಎಂದಳು. ಕಡೆಯದಕ್ಕೆ ಹೂಂ ಎನ್ನಲಿಲ್ಲ. ಹರಿಹರ ಬರುವವರೆಗೆ ಕಿಟಕಿಯ ಹೊರಗೆ ನೋಡುತ್ತ ಕೂತಳು.

ಮನೆಯ ಬೀಗ ತೆಗೆದವಳು ದೀಪ ಹಾಕಲಿಲ್ಲ. ಚಪ್ಪಲಿಯನ್ನೂ ಬಿಡದೆ ನಡುಮನೆ ದಾಟಿ, ಅಡುಗೆಮನೆ ದಾಟಿ, ಹಿತ್ತಲ ಬಾಗಿಲಿನ ಮುಂದೆ ನಿಂತಳು. ಅಗಳಿಗೆ ಕೈ ಹಾಕಿ ಎಳೆದಳು. ತುಕ್ಕು ಹಿಡಿದು ಕಚ್ಚಿಕೊಂಡಿತ್ತು, ಬ್ಯಾಡ ಅಂತೈತೆ ನೋಡು ಎಂದು ಹಿಂದೆ ಸರಿದಳು. ಅಲ್ಲೇ ಇದ್ದ ಒರಳಿನ ಗುಂಡನ್ನು ಎತ್ತಿ ಅವಳ ಕೈಗೆ ಕೊಟ್ಟೆ. ಸ್ವಲ್ಪ ಹೊತ್ತು ಅದನ್ನು ಹಿಡಿದುಕೊಂಡೇ ನಿಂತಿದ್ದಳು. ಆಮೇಲೆ ಕಣ್ಣು ಮುಚ್ಚಿ ಹೊಡೆದಳು, ಇನ್ನೊಮ್ಮೆ ಹೊಡೆದಳು. ಅಗಳಿ ಜಾರಿತು.

ಬದನೆಯಿಲ್ಲ, ಮೆಂತ್ಯವಿಲ್ಲ. ಭಾವ ಮಡಿ ಮಾಡಿದ್ದ ನೆಲವೆಲ್ಲ ಒಂದು ವರ್ಷದ ಕಳೆ ಸೊಂಟದೆತ್ತರ ಎದ್ದಿತ್ತು, ದಾಸವಾಳ ಗೋಡೆ ಹತ್ತಿತ್ತು. ಅದರ ತುಂಬ, ನೆಲದಿಂದ ಗೋಡೆಯ ತಲೆಯವರೆಗೆ, ಮಿಂಚುಹುಳುಗಳು ಹೊತ್ತಿ ಆರಿ ಹೊತ್ತುತ್ತಿದ್ದವು. ನಮ್ಮ ಬೀದಿಯಲ್ಲಿ ನಾನು ಕಂಡಿದ್ದಕ್ಕಿಂತ ಎಷ್ಟೋ ಹೆಚ್ಚು. ಯಾರೂ ಅವುಗಳಿಗೆ ಏನೂ ಮಾಡಿರಲಿಲ್ಲ.

ನನ್ನ ಕೈ ತಾನಾಗಿ ಫೋನಿನ ಕಡೆ ಹೋಯಿತು. ಅಕ್ಕ ಅದನ್ನು ಹಿಡಿದು ಕೆಳಗೆ ಒತ್ತಿದಳು.

"ಬ್ಯಾಡ. ನಿಮ್ಮ ಅಧ್ಯಕ್ಷರಿಗೆ ಗೊತ್ತಾದ್ರೆ ಶಾಮಿಯಾನ ಹೊತ್ಕೊಂಡು ಇಲ್ಲಿಗೂ ಬರ್ತಾರ."

ನನಗೆ ನಗು ತಡೆಯಲಾಗಲಿಲ್ಲ. ಅವಳೂ ನಕ್ಕಳು, ಬಾಯಿಗೆ ಸೆರಗು ಒತ್ತಿಕೊಂಡು, ಹುಳುಗಳಿಗೆ ಕೇಳಿಸೀತು ಎನ್ನುವ ಹಾಗೆ. ಅಕ್ಕನ ನಗು ಹೇಗಿತ್ತು ಎಂಬುದೇ ನನಗೆ ಮರೆತಿತ್ತು. ಹಿತ್ತಲ ಮೆಟ್ಟಿಲು ಪಾಚಿ ಕಟ್ಟಿ ಒದ್ದೆಯಾಗಿತ್ತು. ಮಿಂಚುಹುಳುಗಳ ಪರವಾಗಿ ನನಗೆ ಹೊದಿಸಿದ ಶಾಲನ್ನು ಬಿಚ್ಚಿ ಅದರ ಮೇಲೆ ಹಾಸಿದೆ. ಇಬ್ಬರೂ ಕೂತೆವು.

ಆಮೇಲೆ ಅಕ್ಕ ಒಂದು ಮಾತು ಹೇಳಿದಳು. ನನಗಲ್ಲ. ಬದನೆ ಮಡಿ ಇದ್ದ ಕಡೆ ನೋಡುತ್ತ, ಭಾವ ಬದುಕಿದ್ದಾಗ ಅಡುಗೆಮನೆಯಿಂದ ಅವರನ್ನು ಮಾತಾಡಿಸುತ್ತಿದ್ದ ದನಿಯಲ್ಲೇ ಹೇಳಿದಳು.

"ಕಳೆ ಕೀಳಲಿಲ್ಲ ಅಂತ ಬೈಬ್ಯಾಡ್ರಿ. ಎಷ್ಟು ಅದಾವೆ ನೋಡ್ರಿ."

ನಾನು ಬುಟ್ಟಿಯಿಂದ ಒಂದು ಬಾಳೆಹಣ್ಣು ಸುಲಿದು ಅವಳಿಗೆ ಅರ್ಧ ಕೊಟ್ಟೆ. ತಗೊಂಡಳು. ಆ ಬಾಗಿಲಿಗೆ ಅಕ್ಕ ಮತ್ತೆ ಅಗಳಿ ಹಾಕಿಲ್ಲ.